ಕೆನ್ನೆಗೆ ಒತ್ತಿ ನೋಡಿದ ರಾಚೆಟ್

ಇವತ್ತು ಬೆಳಗ್ಗೆ ನನ್ನ ಹಳೆಯ ರಾಚೆಟ್, ಅಂದರೆ ಬೋಲ್ಟಿನಿಂದ ತೆಗೆಯದೆ ಹಿಂದೆ ಮುಂದೆ ಆಡಿಸಿಯೇ ತಿರುಗಿಸುವ ಸ್ಪ್ಯಾನರ್, ಕೈಕೊಟ್ಟಿತು. ಸ್ಕೂಟರಿನ ಇಂಜಿನ್ ಪಕ್ಕದ ಬೋಲ್ಟೊಂದನ್ನು ಬಿಗಿಸುತ್ತಿದ್ದೆ. ಟಕ್ಕೆಂದು ಜಾರಿ, ಬೆರಳಿನ ಗೆಣ್ಣು ಕಬ್ಬಿಣಕ್ಕೆ ಬಡಿದು ಚರ್ಮ ಕಿತ್ತುಬಂತು. ಗಾಯ ನೋಡಿಕೊಳ್ಳುವುದಕ್ಕೂ ಮೊದಲು ನಾನು ಮಾಡಿದ ಕೆಲಸವೇ ಬೇರೆ. ರಾಚೆಟ್ಟಿನ ತಲೆಯನ್ನು ಕೆನ್ನೆಯ ಮೂಳೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದೆ.

ಗಾಡಿ ರಿಪೇರಿಗೆ ಕೊಟ್ಟು ನನ್ನ ಗ್ಯಾರೇಜಿನ ಬಾಗಿಲ ಬಳಿ ಕೂತಿದ್ದ ಮೇಷ್ಟ್ರು, "ಏನ್ ಮೇಡಂ, ಯಾರ್ದಾದ್ರೂ ಫೋನಾ?" ಎಂದು ಕೇಳಿದರು.

"ಅಲ್ಲ ಸಾರ್, ನಾಡಿ ನೋಡ್ತಿದೀನಿ" ಎಂದೆ. ನಾಡಿ ಚೆನ್ನಾಗಿರಲಿಲ್ಲ. ಸಮನಾಗಿ ಕಿರ್ ಕಿರ್ ಎನ್ನಬೇಕಾದದ್ದು ನಡುನಡುವೆ ಮುಗ್ಗರಿಸುತ್ತಿತ್ತು.

ಟೂಲ್ಸ್ ಪೆಟ್ಟಿಗೆಯ ತಳದ ಖಾನೆ ಎಳೆದೆ. ಮೇಣದ ಕಾಗದದ ಪುಟ್ಟ ಪೊಟ್ಟಣವೊಂದು ಮೂಲೆಯಲ್ಲಿ ಹಾಗೇ ಕೂತಿತ್ತು. ಬಿಚ್ಚಿದೊಡನೆ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ. ಅದರ ಹಿಂದೆಯೇ, ಇತ್ತೋ ಅಥವಾ ನನ್ನ ಭ್ರಮೆಯೋ, ಲವಂಗದ ವಾಸನೆ... ಚಾಚಾ ಯಾವಾಗಲೂ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರು.

ಯಶವಂತಪುರ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದು ಟೂಲ್ಸ್ ಅಂಗಡಿ. ಸುತ್ತಮುತ್ತಲ ಮೆಕ್ಯಾನಿಕ್ಕುಗಳಿಗೆಲ್ಲ ಅವರು ಚಾಚಾ. ಹರೆಯವನ್ನೆಲ್ಲ ದೊಡ್ಡ ದೊಡ್ಡ ಪ್ರೆಸ್ ಮಷೀನುಗಳ ಸದ್ದಿನಲ್ಲಿ ಕಳೆದು ಕಿವಿ ಮಂದವಾಗಿತ್ತು. ಹಾಗಾಗಿ ಅವರ ಅಂಗಡಿಯಲ್ಲಿ ಏನನ್ನೂ ಗುಟ್ಟಾಗಿ ಕೊಳ್ಳುವ ಹಾಗಿರಲಿಲ್ಲ. ನಿಮಗೇನು ಬೇಕೆಂದು ಚಾಚಾಗೆ ಗೊತ್ತಾಗುವ ಮೊದಲೇ ಎದುರಿನ ಹೂವಿನವಳಿಗೆ ಗೊತ್ತಾಗಿರುತ್ತಿತ್ತು.

ರಾಚೆಟ್ ಕೊಳ್ಳುವವರು ಸಾಮಾನ್ಯವಾಗಿ ತಿರುಗಿಸಿ ಸದ್ದು ಕೇಳುತ್ತಾರೆ. ಚಾಚಾ ಅದನ್ನು ಕೆನ್ನೆಯ ಮೂಳೆಗೆ ಒತ್ತಿಕೊಳ್ಳುತ್ತಿದ್ದರು. ಒಳಗಿನ ಹಲ್ಲುಗಳ ಒಂದೊಂದು ಮಿಡಿತವೂ ಮೂಳೆಗೆ ತಿಳಿಯುತ್ತದೆ ಎನ್ನುತ್ತಿದ್ದರು. ಹೊಸಬರು ನಗುತ್ತಿದ್ದರು. ಹಳಬರು ಸುಮ್ಮನೆ ಕಾಯುತ್ತಿದ್ದರು, ಯಾಕೆಂದರೆ ಚಾಚಾ ಮೂತಿ ತಿರುಗಿಸಿ ಕೆಳಗಿಟ್ಟ ರಾಚೆಟ್ ಎಂದೂ ಉದ್ಧಾರವಾದದ್ದಿಲ್ಲ.

ನಾನಾಗ ಜಾಲಹಳ್ಳಿಯ ಒಂದು ಸ್ಕೂಟರ್ ಗ್ಯಾರೇಜಿನಲ್ಲಿದ್ದೆ. ಅದಕ್ಕೂ ಮೊದಲು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದವಳು. ಕೆಲಸ ಬರುತ್ತಿತ್ತು, ಟೂಲ್ಸ್ ಇರಲಿಲ್ಲ. ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿದೆ. ಸ್ವಂತ ಟೂಲ್ಸ್ ಇದ್ದವರು ಮೆಕ್ಯಾನಿಕ್, ಇನ್ನೊಬ್ಬರ ಟೂಲ್ಸ್ ಹಿಡಿದವರು ಎಷ್ಟೇ ಬಲ್ಲವರಾದರೂ ಹೆಲ್ಪರ್. ಬೇರೆಯವರ ರಾಚೆಟ್ ಬಿಡುವಾಗುವವರೆಗೆ ನಾನು ಕಾಯಬೇಕು. ಗಾಡಿ ತಡವಾಗುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು. ಕಾರಣ ಹೇಳಿದರೆ ಓನರ್ರು, "ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಳಂತೆ" ಎಂದು ಎಲ್ಲರೆದುರು ನಗುತ್ತಿದ್ದರು. ಒಂದು ದಿನ ನನಗೂ ರೇಗಿತು. "ಸೋಮವಾರ ನನ್ನ ರಾಚೆಟ್ ನಾನೇ ತರ್ತೀನಿ. ಒಂದು ಇಂಜಿನ್ ನಂಗೊಬ್ಳಿಗೇ ಬಿಟ್ಟು ನೋಡಿ" ಎಂದೆ. ಅವರು, "ಸರಿ. ಆಯ್ತು ಅಂದ್ರೆ ರಿಪೇರಿಗೆ ಗಾಡಿ ನಿಲ್ಸೋ ಆ ಮೂಲೆ ಸ್ಟ್ಯಾಂಡ್ ನಿಂದೇ. ಇಲ್ಲಾಂದ್ರೆ ಆಮೇಲೆ ಮಾತಾಡಂಗಿಲ್ಲ" ಎಂದರು.

ಆ ಶನಿವಾರ ಚಾಚಾ ಅಂಗಡಿಗೆ ಹೋದೆ. ಕೊಳ್ಳುವುದನ್ನು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಗಾಜಿನೊಳಗೆ ಮೊಳದುದ್ದದ ಹಿಡಿಯ, ಕನ್ನಡಿಯಂತೆ ಹೊಳೆಯುವ ರಾಚೆಟ್ಟೊಂದಿತ್ತು. ಹೆಂಗಸಿನ ಕೈಗೆ ಶಕ್ತಿ ಸಾಲದು ಎನ್ನುವವರ ಬಾಯಿಗೆ ಅದೇ ಬೀಗ ಎಂದುಕೊಂಡಿದ್ದೆ. ಅದನ್ನು ತೋರಿಸಿ ಕೂಗಿದೆ. ಹೂವಿನವಳು ತಿರುಗಿ ನೋಡಿದಳು.

ಚಾಚಾ ಅದನ್ನು ತೆಗೆದರು. ಆದರೆ ಕೊಡಲಿಲ್ಲ. "ಕೈ ಚಾಚು ಬೇಟಾ" ಎಂದು ನನ್ನ ಅಂಗೈಗೆ ಇಷ್ಟು ಎಣ್ಣೆ ಸುರಿದರು. "ಒಣಗಿದ್ ಕೈಯಾಗೆ ಎಲ್ಲಾ ರಾಚೆಟ್ಟೂ ಚೆನ್ನಾಗೇ ಇರ್ತದೆ."

ಅಂಗಡಿಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆಯಿತ್ತು, ಅದರೊಳಗೆ ಹಳೆಯ ಇಂಜಿನ್. ಪಕ್ಕದಲ್ಲಿ ಕೈ ತೂರುವಷ್ಟೇ ಕಿಂಡಿ. ಒಳಗಿನ ಬೋಲ್ಟು ಬಿಚ್ಚಬೇಕು. ನನ್ನ ಹೊಳೆಯುವ ರಾಚೆಟ್ ಒಳಗೆ ಹೋಯಿತು, ಆದರೆ ಆಡಲು ಜಾಗವೇ ಇಲ್ಲ. ಹಿಡಿ ಒಮ್ಮೆ ಈ ಗೋಡೆಗೆ ಬಡಿಯಿತು, ಒಮ್ಮೆ ಆ ಗೋಡೆಗೆ. ಆಮೇಲೆ ನುಣುಪಾದ ಹಿಡಿ ಎಣ್ಣೆಗೈಯಿಂದ ಜಾರಿ ಪೆಟ್ಟಿಗೆಯ ತಳಕ್ಕೆ ಬಿತ್ತು. ನನಗೆ ಸಿಟ್ಟು ಬಂತು, ಪೆಟ್ಟಿಗೆಯ ಮೇಲೋ ಚಾಚಾ ಮೇಲೋ ತಿಳಿಯಲಿಲ್ಲ.

"ಜೋರಾಗಿ ತಿರುಗ್ಸಕ್ಕೆ ಉದ್ದ ಬೇಕಲ್ವಾ ಚಾಚಾ?" ಎಂದು ಕೂಗಿದೆ.

"ಜೋರು ಬೇಕಾದ್ರೆ ರಾಡ್ ತಗೋ. ಬಿಗಿ ಬಿಡ್ಸೋದು ರಾಡ್ ಕೆಲ್ಸ. ಬಿಟ್ಟಿದ್ನ ತಿರುಗ್ಸೋದು ರಾಚೆಟ್ ಕೆಲ್ಸ. ಅವನ ಕೆಲ್ಸ ಇವನ ಕೈಲಿ ಮಾಡ್ಸಿದ್ರೆ ಹಲ್ಲು ಹೋಗ್ತದೆ. ಇದು ನಕ್ಕೋ ನಿಂಗೆ, ಬೇಡ."

ಹೀಗೆನ್ನುತ್ತ ಹಿಂದಿನ ಕಪಾಟಿನಿಂದ ಮೂರು ಗಿಡ್ಡ ರಾಚೆಟ್ ತೆಗೆದು ಮುಂದಿಟ್ಟರು. ಯಾವುದು ಎಂದು ಮಾತ್ರ ಬಾಯಿ ಬಿಡಲಿಲ್ಲ. ಒಂದೊಂದನ್ನೇ ಕಿಂಡಿಯೊಳಗೆ ಆಡಿಸಿ ನೋಡಿದೆ. ಒಂದರ ಹಲ್ಲು ದೊಡ್ಡದು, ಕೈಯನ್ನು ತುಂಬಾ ಹಿಂದಕ್ಕೆಳೆಯಬೇಕು. ಇನ್ನೊಂದು ಕೈಯಲ್ಲಿ ನಿಲ್ಲಲಿಲ್ಲ. ಮೂರನೆಯದು ಮಂಕು ಬಣ್ಣದ್ದು, ಹಿಡಿಯಲ್ಲಿ ಕೈ ಜಾರದಂತೆ ಸಣ್ಣ ಗೀರುಗಳಿದ್ದದ್ದು. ಮಣಿಕಟ್ಟು ಕೊಂಚ ಅಲುಗಿದರೂ ಸಾಕು, ಬೋಲ್ಟು ತಿರುಗುತ್ತಿತ್ತು. ಚಾಚಾ ನೋಡುತ್ತಿದ್ದಾರೆಂಬುದೂ ಮರೆತುಹೋಗಿ ನಾನು ಅದನ್ನು ಕೆನ್ನೆಗೆ ಒತ್ತಿಕೊಂಡೆ. ಸಣ್ಣಗೆ, ಸಮನಾಗಿ, ಬೆಕ್ಕು ಗುರುಗುಟ್ಟಿದಂತೆ... ಕಣ್ಣು ಬಿಟ್ಟರೆ ಚಾಚಾ ನಗುತ್ತಿದ್ದರು.

ಅಷ್ಟಕ್ಕೇ ಬಿಡಲಿಲ್ಲ. ತಲೆಯ ಹಿಂದಿನ ಸ್ಕ್ರೂಗಳನ್ನು ತೋರಿಸಿ, "ಬಿಚ್ಚಕ್ಕೆ ಬರೋದೇ ಬಾಳಿಕೆ ಬರೋದು. ಬಿಚ್ಚು" ಎಂದರು. ಬಿಚ್ಚಿದೆ. ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕಬ್ಬಿಣದ ತುಂಡನ್ನು ಅವರು ನಾಲಿಗೆ ಎನ್ನುತ್ತಿದ್ದರು. ನಾಲಿಗೆ ಎತ್ತಿದ್ದೇ ತಡ, ಅದರಡಿಯ ಸ್ಪ್ರಿಂಗ್ ಚಂಗನೆ ಹಾರಿ ಎಲ್ಲೋ ಬಿತ್ತು. ಚಾಚಾ ಒಂದು ಕಡೆ, ನಾನು ಒಂದು ಕಡೆ ಮಂಡಿಯೂರಿ ನೆಲವೆಲ್ಲ ತಡಕಿದೆವು. ಕೊನೆಗೆ ಅದು ಅವರ ಗಡ್ಡದಲ್ಲೇ ಸಿಕ್ಕಿತು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. "ಹೆಬ್ಬೆರಳು ಅಡ್ಡ ಇಡು ಬೇಟಾ" ಎಂದು ಅವರು ಎರಡನೆಯ ಸಲ ಮಾಡಿಸಿದರು.

ಹೊರಡುವಾಗ ಈ ಪೊಟ್ಟಣ ಕೈಗಿಟ್ಟರು. ಒಳಗೆ ಇನ್ನೊಂದು ನಾಲಿಗೆ, ಇನ್ನೊಂದು ಸ್ಪ್ರಿಂಗ್. ವ್ಯಾಪಾರಿ ಬುದ್ಧಿ ಬಿಟ್ಟೀತೇ ಎಂದುಕೊಂಡು, "ಸವೆದಾಗ ಬಂದು ತಗೋತೀನಿ ಬಿಡಿ ಚಾಚಾ" ಎಂದು ಕೂಗಿದೆ.

"ಇದು ಸವೆಯೋ ಹೊತ್ಗೆ ಈ ಅಂಗಡಿ ಎಲ್ಲಿ, ನಾನೆಲ್ಲಿ. ಇವತ್ತೇ ಇಟ್ಕೋ."

ಸೋಮವಾರ ಆ ಗಿಡ್ಡ ರಾಚೆಟ್ ನೋಡಿ ಗ್ಯಾರೇಜಿನಲ್ಲಿ ನಕ್ಕವರಿದ್ದರು. ನಾನು ತಲೆ ಎತ್ತಲಿಲ್ಲ. ಸಂಜೆ ಇಂಜಿನ್ ಮೊದಲನೇ ಒದೆತಕ್ಕೇ ಎದ್ದಿತು. ಓನರ್ರು ಮೂಲೆಯ ಸ್ಟ್ಯಾಂಡಿನ ಮೇಲಿದ್ದ ಹಳೆಯ ಟೈರುಗಳನ್ನು ತಾವೇ ಎತ್ತಿ ಆಚೆಗಿಟ್ಟರು. ನನಗೆ ಅದೇ ಸನ್ಮಾನ.

ಆಮೇಲೆ ಯಶವಂತಪುರದ ಕಡೆ ಹೋದಾಗೆಲ್ಲ ಅಂಗಡಿಗೆ ಹೋಗುತ್ತಿದ್ದೆ. "ಜಾರ್ತಾ?" ಎಂದು ಕೇಳುವರು. "ಇಲ್ಲ ಚಾಚಾ!" ಎಂದು ಕೂಗುವೆ. ನಮ್ಮಿಬ್ಬರ ಮಾತು ಬಹುಪಾಲು ಇಷ್ಟೇ. ಅಲ್ಲಾಳಸಂದ್ರದಲ್ಲಿ ಈ ಗ್ಯಾರೇಜು ಹಾಕಿದ ಮೇಲೆ ಆ ಕಡೆ ಹೋಗುವುದು ಕಡಿಮೆಯಾಯಿತು. ಒಂದು ಸಲ ಹೋದಾಗ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಹೂವಿನವಳೇ ಹೇಳಿದಳು, ಚಾಚಾ ಹೋಗಿ ಆಗಲೇ ಬಹಳ ದಿನವಾಯಿತು, ನಿದ್ದೆಯಲ್ಲೇ ಹೋದರು ಎಂದು. ಒಂದು ಮೊಳ ಮಲ್ಲಿಗೆ ಕೊಂಡು, ಯಾರಿಗೆ ಕೊಡಬೇಕೆಂದು ತಿಳಿಯದೆ ಮನೆಗೆ ತಂದೆ. ಅವತ್ತು ತುಂಬಾ ಸಂಕಟವಾಯಿತು...

ಇವತ್ತು ರಾಚೆಟ್ ಬಿಚ್ಚಿದೆ. ಒಳಗನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ನಾಲಿಗೆಯ ಅಂಚು ತಿಂದುಹೋಗಿತ್ತು. ಹಲ್ಲುಗಳು ಮಾತ್ರ ಇನ್ನೂ ಗಟ್ಟಿ. ಪೊಟ್ಟಣದ ನಾಲಿಗೆ ಹಾಕಿ, ಹೆಬ್ಬೆರಳು ಅಡ್ಡ ಇಟ್ಟು ಹೊಸ ಸ್ಪ್ರಿಂಗ್ ಕೂರಿಸಿದೆ, ಹಾರಲಿಲ್ಲ. ಹಾರಿದ್ದರೂ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನಿಸಿತು. ಎರಡು ಹನಿ ತೆಳು ಎಣ್ಣೆ ಬಿಟ್ಟು, ಸ್ಕ್ರೂ ಬಿಗಿದು, ಕೆನ್ನೆಗೆ ಒತ್ತಿಕೊಂಡೆ. ಅದೇ ಹಳೆಯ ಗುರುಗುಟ್ಟುವಿಕೆ. ಅರ್ಧಕ್ಕೆ ಬಿಟ್ಟಿದ್ದ ಬೋಲ್ಟನ್ನು ಪೂರ್ತಿ ಬಿಗಿದೆ. ಜಾರಲಿಲ್ಲ.

"ಜಾರ್ಲಿಲ್ಲ ಚಾಚಾ!" ಎಂದು ಕೂಗಿಬಿಟ್ಟೆ.

ಮೇಷ್ಟ್ರು ಬೆಚ್ಚಿಬಿದ್ದರು. ಹಿಂದೆ ಮುಂದೆ ನೋಡಿ, "ಯಾರಿಗ್ ಹೇಳಿದ್ರಿ ಮೇಡಂ? ಇಷ್ಟ್ ಜೋರಾಗಿ?" ಎಂದರು.

"ಟೂಲ್ಸ್ ಅಂಗಡಿಯವರಿಗೆ ಸಾರ್. ಅವರಿಗೆ ಸ್ವಲ್ಪ ಕಿವಿ ಮಂದ, ಮೆತ್ತಗೆ ಹೇಳಿದ್ರೆ ಕೇಳಿಸಲ್ಲ" ಎಂದೆ.