ಮಾಳವ್ವ ತೋರಿಸಿದ ಗಡಿ

ತಲೆಯ ಮೇಲೆ ಒಂದು ಹೆಂಟೆ ಮಣ್ಣಿಟ್ಟುಕೊಂಡು ಮಾಳವ್ವ ವರ್ಷಕ್ಕೊಮ್ಮೆ ಸರ್ಕಾರದ ತಂತಿಬೇಲಿಯ ಸುತ್ತ ನಡೆಯುತ್ತಿದ್ದಳು. ಕಾವಲಿನ ಸಿಪಾಯಿಗಳು ನಗುತ್ತಿದ್ದರು. ಅವಳು ತಿರುಗಿಯೂ ನೋಡುತ್ತಿರಲಿಲ್ಲ. ನಿಗಡಿಯ ಆ ಹುಲ್ಲುಗಾವಲು ತಲೆಮಾರುಗಳಿಂದ ಅವಳ ಕುರುಬರ ಕೇರಿಯದು. ಅವಳು ಮದುವೆಯಾಗಿ ಬಂದ ಮರುವರ್ಷ ಬ್ರಿಟಿಷರು ಅದನ್ನು ಪಲ್ಟನ್ನಿನ ಕುದುರೆಗಳಿಗೆಂದು ಕಿತ್ತುಕೊಂಡಿದ್ದರು.

ನಾನು ಧಾರವಾಡದ ಕಡೆಯವನು, ಸದಾಶಿವ ಪೇಠೆಯಲ್ಲಿ ಹೊಸದಾಗಿ ಬೋರ್ಡು ಹಾಕಿಕೊಂಡಿದ್ದ ವಕೀಲ. ಮರಾಠಿ ವಕೀಲರ ನಡುವೆ ಕನ್ನಡ ಬಲ್ಲವನೆಂದು ಮಾಳವ್ವ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಬರೆದ ಅರ್ಜಿಯನ್ನು ಓದಿಸಿ ಕೇಳಿದಳು. ಸರ್ಕಾರ ದಯಮಾಡಿ ಬೇರೆಡೆ ಸ್ವಲ್ಪ ಜಾಗ ಕೊಡಬೇಕು ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದಳು.

“ಇದನ್ನ ಹೊಡದ ಹಾಕ್ರಿ ವಕೀಲ್ರ. ಬ್ಯಾರೆ ಜಾಗಾ ಯಾರಿಗೆ ಬೇಕಾಗೇದ? ನಮ್ಮದು ನಮಗ ಬಿಡ್ರಿ ಅಂತ ಬರೀರಿ.”

ನನ್ನ ಜಾಣತನಕ್ಕೆ ಸರಿಯಾಗಿ ಮಂಗಳಾರತಿಯಾಯಿತು. ಹಾಗೆಯೇ ಬರೆದೆ, ಗೆಲ್ಲುವ ನಂಬಿಕೆ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಸ್ವಾತಂತ್ರ್ಯ ಹತ್ತಿರವಾಗಿದ್ದ ದಿನಗಳು. ಒಬ್ಬ ಬಿಳಿಯ ಅಧಿಕಾರಿ ವಿಚಾರಣೆಗೆ ಸ್ಥಳಕ್ಕೇ ಬಂದ. ಅವನ ನಕ್ಷೆಯಲ್ಲಿ ಕುರುಬರ ಗಡಿಯೇ ಇರಲಿಲ್ಲ. ಗಡಿಕಲ್ಲು ತೋರಿಸಿದರೆ ನೆಲ ನಿಮ್ಮದು ಎಂದ. ಆ ಕಲ್ಲುಗಳನ್ನು ಅವನ ಹಿಂದಿನವರೇ ಎಂದೋ ಕಿತ್ತೆಸೆದಿದ್ದರು.

“ಕಲ್ಲು ಕಿತ್ತಾರ್ರಿ. ತಳದಾಗಿನ ಇದ್ದಲಿ ಎಲ್ಲಿ ಹೋಗ್ತದ?” ಎಂದಳು ಮಾಳವ್ವ.

ಗಡಿಕಲ್ಲು ನೆಡುವಾಗ ಅಡಿಯಲ್ಲಿ ಇದ್ದಿಲು ಹೂಳುವುದು ಅವರ ಹಿರಿಯರ ರೂಢಿ. ಮಣ್ಣಿನಲ್ಲಿ ಇದ್ದಿಲು ಕೊಳೆಯುವುದಿಲ್ಲ. ಗಡಿಯ ವಿಷಯದಲ್ಲಿ ಸುಳ್ಳಾಡೆನೆಂಬ ಆಣೆಯಾಗಿ ಮಾಳವ್ವ ತಲೆಗೆ ಮಣ್ಣಿಟ್ಟುಕೊಂಡು ನಡೆದು ಏಳು ಕಡೆ ನಿಂತಳು. ಆರು ಕಡೆ ಮೊಳದಾಳದಲ್ಲೇ ಇದ್ದಿಲು ಸಿಕ್ಕಿತು. ಏಳನೆಯ ಕಡೆ ಬರೀ ಮಣ್ಣು. ಅಧಿಕಾರಿ ಗಡಿಯಾರ ನೋಡಿಕೊಂಡ.

“ನಮ್ಮ ಮಾವ ನನ್ನ ಇಲ್ಲೇ ನಿಂದ್ರಿಸಿ ತೋರ್ಸ್ಯಾರ. ಇನ್ನೂ ಅಗೀರಿ.”

ಮತ್ತೊಂದು ಮೊಳ ಇಳಿದಾಗ ಗುದ್ದಲಿಯ ಬಾಯಿ ಕಪ್ಪಾಗಿ ಬಂತು. ಕೇರಿಯವರೆಲ್ಲ ಅರಿಶಿನದ ಭಂಡಾರ ತೂರಿ ಕೂಗಿದರು. ಕರಿಕೋಟು ತೊಟ್ಟಿದ್ದನ್ನು ಮರೆತು ನಾನೂ ಕೂಗಿದೆ. ಅಂಥ ಸಂತೋಷ ನನಗೆ ಆಮೇಲೆ ಯಾವ ಕೋರ್ಟಿನಲ್ಲೂ ಸಿಗಲಿಲ್ಲ.

ತಿಂಗಳೊಳಗೆ ಆದೇಶ ಬಂತು. ಬೇಲಿ ಕಿತ್ತ ದಿನ ಕುರಿಗಳು ನಾ ಮುಂದು ತಾ ಮುಂದು ಎಂದು ಒಳಗೆ ನುಗ್ಗಿದವು. ಕಾಗದಕ್ಕೆ ರುಜು ಹಾಕಿದ ಅಧಿಕಾರಿಯ ಮೋಟಾರು ಹುಲ್ಲುಗಾವಲಿನ ಆಚೆ ಬದಿಯಲ್ಲಿ ನಿಂತಿತ್ತು. ಅಡ್ಡಹಾಯ್ದು ಹೋಗಬಹುದೇ ಎಂದು ಅವನು ಟೋಪಿ ತೆಗೆದು ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾಳವ್ವ ಅವಸರ ಮಾಡಲಿಲ್ಲ. ಕೊನೆಯ ಮರಿ ಒಳಗೆ ಹೋಗುವ ತನಕ ಅವನನ್ನು ಬಿಸಿಲಲ್ಲಿ ನಿಲ್ಲಿಸಿದಳು.

ನಾನು ಅವಳನ್ನು ನೋಡಿದ್ದು ಅದೇ ಕೊನೆ. ಮುಂದಿನ ಚಳಿಗಾಲದಲ್ಲಿ, ತನ್ನ ಕುರಿಗಳ ನಡುವೆಯೇ ತೀರಿಕೊಂಡಳಂತೆ. ಬೇಲಿ ಕಿತ್ತ ದಿನ ಆ ಅಧಿಕಾರಿಗೆ ಅವಳು ಕೊಟ್ಟ ಅಪ್ಪಣೆ ಇನ್ನೂ ನನ್ನ ಕಿವಿಯಲ್ಲಿದೆ.

“ಹೋಗ್ಲಿ ಬಿಡ್ರಿ. ಹುಲ್ಲು ತುಳೀಬ್ಯಾಡ ಅಂತ ಹೇಳ್ರಿ.”