ಮೋಟಾರಿನ ಅಂಟು

ನಾನು ಸುಲಭಕ್ಕೆ ಹೆದರುವವಳಲ್ಲ ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಬಾಯಿ ಜೋರಿದ್ದವರಿಗೆ ಧೈರ್ಯವೂ ಇರುತ್ತದೆ ಎಂದು ಜನ ತಾವೇ ತಿಳಿದುಕೊಂಡುಬಿಡುತ್ತಾರೆ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನಾನು ಪ್ರತಿ ಬೆಳಿಗ್ಗೆ ಹೆದರಿಕೊಂಡೇ ಅಂಗಡಿಗೆ ಕಾಲಿಡುತ್ತಿದ್ದೆ.

ಅಂಗಡಿ ಇದ್ದದ್ದು ಬೈಲಹೊಂಗಲದ ಮಾರ್ಕೆಟ್ಟಿನ ಹಿಂದೆ. ಅಪ್ಪ ಮತ್ತು ದೊಡ್ಡಪ್ಪ ಕೂಡಿ ನಡೆಸುತ್ತಿದ್ದ ಮೋಟಾರು ವೈಂಡಿಂಗ್ ಅಂಗಡಿ ಅದು. ಹೊಲದ ಪಂಪಿನ ಮೋಟಾರು ಸುಟ್ಟುಹೋದರೆ ಹಳೆಯ ಸುರುಳಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿತು ಬಂದಾಗ ಅಪ್ಪ ಬಾಗಿಲ ಪಕ್ಕದ ಮೂಲೆಯಲ್ಲಿದ್ದ ಹಳೆ ಮೋಟಾರುಗಳನ್ನೆಲ್ಲ ಎತ್ತಿಟ್ಟು ನನಗೊಂದು ಮೇಜು ಹಾಕಿಕೊಟ್ಟ. ದೊಡ್ಡಪ್ಪನಿಗೆ ಅದು ಸರಿಬರಲಿಲ್ಲ.

"ನಿಮ್ಮಪ್ಪ ಗಂಟಬಿದ್ದಾನಂತ ಸುಮ್ಮ ಅದೇನಿ," ಎಂದರು ಅವರು. "ಗಿರಾಕೀದು ಒಂದ ಸಾಮಾನ ನಿನ್ನ ಕೈಯಾಗ ಕೆಡ್ತಂದ್ರ, ಅವತ್ತ ಈ ಮೇಜ ಅಟ್ಟದ ಮ್ಯಾಲೆ. ತಿಳೀತಿಲ್ಲೊ?"

ತಿಳಿಯದೇ ಏನು? ಮೇಜು ಅಟ್ಟ ಹತ್ತಿದರೆ ನಾನೆಲ್ಲಿಗೆ ಹೋಗುತ್ತೇನೆ ಎಂಬುದೂ ತಿಳಿದಿತ್ತು. ಮನೆಯಲ್ಲಿ ನನಗೆ ಸೀರೆ ಉಡಿಸಿ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿ, ಗಂಡಿನ ಕಡೆಯವರು ಕೇಳಿದ ಕೂಡಲೇ ಕೊಡಲು ತಯಾರಾಗಿ ಇಟ್ಟಿದ್ದರು. ದೊಡ್ಡಪ್ಪ ಸುಮ್ಮನೆ ಹೆದರಿಸುವ ಮನುಷ್ಯರೂ ಅಲ್ಲ.

ಆ ವರ್ಷದ ಬಿಸಿಲಿಗೆ ಹತ್ತಿ ದಲಾಲರೊಬ್ಬರ ಕಂಪ್ಯೂಟರ್ ನನ್ನ ಮೇಜಿಗೆ ಬಂತು. ಅವರು ದೊಡ್ಡಪ್ಪನ ಹಳೆಯ ಗೆಳೆಯರು. ಕಂಪ್ಯೂಟರ್ ಸ್ವಲ್ಪ ಹೊತ್ತು ನಡೆದು ತಾನಾಗಿ ಆರಿಹೋಗುತ್ತಿತ್ತು. ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಕಂಪ್ಯೂಟರಿನ ಮುಖ್ಯ ಚಿಪ್ಪು ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ಎಳೆದುಕೊಳ್ಳಲೆಂದು ಅದರ ಮೇಲೆ ಹಲ್ಲುಹಲ್ಲಾದ ಅಲ್ಯುಮಿನಿಯಂ ತುಂಡೊಂದನ್ನು ಕೂರಿಸಿರುತ್ತಾರೆ, ಹೀಟ್‌ಸಿಂಕ್ ಅಂತ. ದಲಾಲರದ್ದು ತೀರ ಚಿಕ್ಕದು, ಅದರ ಹಲ್ಲುಗಳ ನಡುವೆ ಹತ್ತಿಯ ಎಳೆ ತುಂಬಿ ಗಾದಿಯಾಗಿತ್ತು. ಅದಕ್ಕಿಂತ ದೊಡ್ಡದು ಬೇಕಿತ್ತು.

ರಾಮದುರ್ಗದಲ್ಲಿ ಮುಚ್ಚಿಹೋದ ಒಂದು ಟೈಪಿಂಗ್ ಕ್ಲಾಸಿನವರು ಸತ್ತ ಕಂಪ್ಯೂಟರೊಂದನ್ನು ಕೊಡುತ್ತೇವೆಂದಿದ್ದರು. ಹೋಗಿ, ಅದರ ಹೊಟ್ಟೆಯೊಳಗಿನ ಬೋರ್ಡನ್ನಷ್ಟೇ ಹಳೆ ಪಂಜೆಯಲ್ಲಿ ಸುತ್ತಿಕೊಂಡು ಸವದತ್ತಿ ಬಸ್ಸು ಹಿಡಿದು ತಂದೆ. ಹೀಟ್‌ಸಿಂಕ್ ಒಳ್ಳೆ ದಪ್ಪನಾದದ್ದು. ಆದರೆ ಯಾರೋ ಪುಣ್ಯಾತ್ಮ ಅದನ್ನು ಚಿಪ್ಪಿಗೆ ಅಂಟು ಹಾಕಿ ಕೂರಿಸಿದ್ದ. ಅಂಟು ಒಣಗಿ ಸಿಮೆಂಟಾಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಚಟ್ ಎಂದಿತು. ಹೀಟ್‌ಸಿಂಕ್ ಕೈಗೆ ಬಂತು, ಜೊತೆಗೆ ಚಿಪ್ಪಿನ ನಡುವೆ ಇರುವ ಉಗುರಿನಷ್ಟು ಕಪ್ಪು ಗಾಜಿನಂಥ ಚೌಕದ ಮೂಲೆಯೂ ಮುರಿದು ಬಂತು. ಮೊದಲೇ ಸತ್ತಿದ್ದ ಚಿಪ್ಪು, ನಷ್ಟವೇನಿಲ್ಲ. 

ಉಳಿದ ಅಂಟು ತೆಗೆಯುವುದಕ್ಕೆ ಇಡೀ ದಿನ ಹಿಡಿಯಿತು. ಬಳೆ ಅಂಗಡಿಯಿಂದ ಉಗುರುಬಣ್ಣ ಅಳಿಸುವ ನೀರಿನ ಬಾಟಲಿ ತಂದು, ಹತ್ತಿಯಲ್ಲಿ ಅದ್ದಿ, ಅಂಟಿನ ಮೇಲೆ ಇಟ್ಟು ಪ್ಲಾಸ್ಟಿಕ್ ಮುಚ್ಚಿದೆ. ಸ್ವಲ್ಪ ಮೆತ್ತಗಾದ ಕೂಡಲೇ ಪ್ಲಾಸ್ಟಿಕ್ ಪಟ್ಟಿಯ ಅಂಚಿನಿಂದ ಕೆರೆದೆ. ಕಬ್ಬಿಣ ಮುಟ್ಟಿಸಿದರೆ ಅಲ್ಯುಮಿನಿಯಂಗೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ಬಿಸಿ ಸರಿಯಾಗಿ ದಾಟುವುದಿಲ್ಲ. ಕೊನೆಗೆ ಅಪ್ಪನೇ ನುಣುಪು ಪಾಲಿಶ್ ಪೇಪರ್ ಕೊಟ್ಟು, ತಾನೂ ಪಕ್ಕದಲ್ಲಿ ಕುಳಿತು ಉಜ್ಜಿದ. "ಭಾರಿ ಗಟ್ಟಿ ಅಂಟ ಹಾಕ್ಯಾರ ನೋಡವ್ವಾ," ಎಂದು ತಲೆದೂಗಿದ. ಅಪ್ಪ ಅದನ್ನು ಮೆಚ್ಚಿ ಹೇಳುತ್ತಿದ್ದಾನೆಂದು ನನಗೆ ಆಗ ಹೊಳೆಯಲಿಲ್ಲ.

ಹೀಟ್‌ಸಿಂಕಿಗೂ ಚಿಪ್ಪಿಗೂ ನಡುವೆ ತೆಳ್ಳಗೆ ಸವರುವ ಬಿಳಿ ಪೇಸ್ಟು ಮುಗಿದಿತ್ತು. ಅದು ಅಂಟಲ್ಲ, ಬಿಸಿ ದಾಟಿಸಲು ಹಚ್ಚುವ ಬೆಣ್ಣೆಯಂಥದ್ದು. ಮರುದಿನ ಹುಬ್ಬಳ್ಳಿಗೆ ಹೋಗಿ ತಂದೆ. ಮಧ್ಯಾಹ್ನ ವಾಪಸು ಬಂದರೆ ಅಪ್ಪ ಬಾಗಿಲಲ್ಲೇ ನಿಂತು ನಗುತ್ತಿದ್ದ.

"ದಲಾಲ್ರು ಸಂಜೀಕ ಬರತಾರಂತ. ನಿನ್ನ ಕೆಲಸ ಹಗರ ಮಾಡೇನಿ. ಆ ಹಲ್ಲಿನ ತುಂಡ ಹಿಡಿಯೋ ಕ್ಲಿಪ್ ಸಡ್ಲ ಇತ್ತು, ಚಿಪ್ಪಿನ ಮ್ಯಾಲೆ ನಮ್ಮ ಮೋಟಾರಿನ ಅಂಟ ಹಾಕಿ ಕುಂದರ್ಸೇನಿ. ಇನ್ನ ಈ ಜನ್ಮದಾಗ ಬಿಚ್ಚೂದಿಲ್ಲ!"

ಎರಡು ಟ್ಯೂಬು ಕಲಸಿ ಹಾಕುವ ಅಂಟು ಅದು. ನೀರಿನೊಳಗೆ ಅದುರುತ್ತ ತಿರುಗುವ ಮೋಟಾರಿನಲ್ಲಿ ಯಾವುದೂ ಸಡಿಲವಾಗಬಾರದು, ಸಡಿಲವಾದರೆ ಮೋಟಾರು ಹೋಯಿತು. ಅಪ್ಪನ ಇಡೀ ಆಯುಷ್ಯದ ಕಸುಬು ಗಟ್ಟಿಯಾಗಿ ಕೂರಿಸುವುದೇ. ರಾಮದುರ್ಗದ ತುಂಡಿನಲ್ಲಿ ಗಟ್ಟಿ ಅಂಟು ನೋಡಿ, ಇದನ್ನು ಹಾಗೆಯೇ ಕೂರಿಸುತ್ತಾರೆಂದು ಅವನು ತಿಳಿದ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು.

ಗುಂಡಿ ಒತ್ತಿದೆ. ಕಂಪ್ಯೂಟರ್ ಶುರುವಾಯಿತು, ಮೊದಲಿಗಿಂತ ಬೇಗ ಆರಿಹೋಯಿತು. ದಪ್ಪ ಅಂಟು ಬಿಸಿಯನ್ನು ಒಳಗೇ ಹಿಡಿದಿಟ್ಟಿತ್ತು. ಅಪ್ಪನ ನಗೆ ಇಳಿಯುತ್ತ ಹೋದದ್ದನ್ನು ನಾನು ನೋಡಿದೆ.

"ತಪ್ಪಾತೇನವ್ವಾ?"

"ತೆಗೀಬೇಕು. ಇಲ್ಲಂದ್ರ ಚಿಪ್ಪ ಸುಡತೈತಿ."

"ಅಣ್ಣಗ ಗೊತ್ತಾದ್ರ..." ಎಂದವನು ಮಾತು ಅಲ್ಲಿಗೇ ಬಿಟ್ಟ. ಅಷ್ಟು ವಯಸ್ಸಾಗಿದ್ದರೂ ಅಣ್ಣನ ಮುಂದೆ ಅಪ್ಪನ ಸ್ವರ ತೆಳ್ಳಗಾಗುತ್ತಿತ್ತು. ಶಬ್ದಗಳನ್ನು ಎಲ್ಲಿ ಇಡಬೇಕೋ ಗೊತ್ತಾಗದವರ ಹಾಗೆ ಮಾತಾಡುತ್ತಿದ್ದ. ದೊಡ್ಡಪ್ಪ ಮುನವಳ್ಳಿಗೆ ಪಂಪು ಇಳಿಸಲು ಹೋಗಿದ್ದರು, ಸಂಜೆಗೆ ಬರುವವರಿದ್ದರು.

ಈ ಸಲ ಚಿಪ್ಪು ಸತ್ತದ್ದಲ್ಲ, ದಲಾಲರದ್ದು. ಕಿವಿಯಲ್ಲಿ ಆ ಚಟ್ ಸದ್ದೇ ತುಂಬಿಕೊಂಡಿತು. ಉಗುರುಬಣ್ಣದ ನೀರು ಹಾಕಿದೆ. ಮೋಟಾರಿನ ಅಂಟು ಅದಕ್ಕೆ ಕ್ಯಾರೇ ಅನ್ನಲಿಲ್ಲ.  ಅಪ್ಪ ಒಮ್ಮೆ ಬ್ಲೋಲ್ಯಾಂಪ್ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದ. ಸುಟ್ಟ ಮೋಟಾರಿನ ಸುರುಳಿ ಕೀಳಲು ಅವರು ಮಾಡುವುದು ಅದನ್ನೇ, ಮೊದಲು ಬೆಂಕಿ, ಆಮೇಲೆ ಉಳಿ. ನಾನು ಒಂದು ಕ್ಷಣ ಬೆನ್ನು ತಿರುಗಿಸಿದೆ. ಮತ್ತೆ ತಿರುಗುವಷ್ಟರಲ್ಲಿ ಅಪ್ಪ ಉಳಿಯ ತುದಿಯನ್ನು ಹೀಟ್‌ಸಿಂಕಿನ ಅಡಿಗೆ ಇಟ್ಟಿದ್ದ, ಇನ್ನೊಂದು ಕೈಯಲ್ಲಿ ಸುತ್ತಿಗೆ.

"ಮುಟ್ಟಬ್ಯಾಡಾ!" ಎಂದು ಕಿರುಚಿದೆ. "ಕೈ ತಗಿ! ಒಮ್ಮೆ ಕೆಡಿಸಿದ್ದ ಸಾಕಾಗಿಲ್ಲೇನು ನಿನಗ? ನನ್ನ ಮೇಜಿನ ಹತ್ರ ಬರಬ್ಯಾಡ!"

ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅಪ್ಪ ಉಳಿಯನ್ನು ಸದ್ದಾಗದಂತೆ ಕೆಳಗಿಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತ. ನನ್ನದು ಸಿಟ್ಟಲ್ಲ, ಅದು ಪೂರ್ತಿ ಹೆದರಿಕೆ. ಆದರೆ ಕೇಳುವವರಿಗೆ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಕೆಲಸ ಕಲಿಸಿದ ಸರ್ ಒಮ್ಮೆ ಮಾತಿನ ಮೇಲೆ ಮಾತು ಬಂದು ಹೇಳಿದ್ದರು, ಇಂಥ ಅಂಟು ಚಳಿಗೆ ಸೆಟೆದು ಹಿಡಿತ ಬಿಡುತ್ತದೆ, ಮೇಲಕ್ಕೆ ಎಳೆಯಬಾರದು, ತಿರುವಬೇಕು ಎಂದು. ಮಾಡಿ ನೋಡಿದವಳಲ್ಲ. ಬೇರೆ ದಾರಿಯೂ ಇರಲಿಲ್ಲ. ಚಿಪ್ಪನ್ನು ಬೋರ್ಡಿಗೆ ಹಿಡಿದಿಟ್ಟ ಸಣ್ಣ ಲಿವರ್ ಕಡ್ಡಿಯನ್ನು ಎತ್ತಿ, ಚಿಪ್ಪು ಮತ್ತು ಹೀಟ್‌ಸಿಂಕ್ ಎರಡನ್ನೂ ಜೊತೆಗೇ ಹೊರತೆಗೆದೆ. ಅಡಿಯಲ್ಲಿ ಕೂದಲಿನಂಥ ಪಿನ್ನುಗಳು. ಒಂದು ಬಾಗಿದರೂ ಮುಗಿಯಿತು. ನೀರು ತಾಗದಂತೆ ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದು, ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಮೂಲೆಯ ಐಸ್‌ಕ್ಯಾಂಡಿ ಅಂಗಡಿಗೆ ಓಡಿದೆ.

"ಡಬ್ಬ್ಯಾಗ ಏನೈತಿ?" ಎಂದಳು ಅಂಗಡಿಯ ಅಕ್ಕ.

"ಔಷಧರಿ ಅಕ್ಕಾ," ಎಂದೆ. ಚಿಪ್ಪು ಎಂದರೆ ನೂರು ಪ್ರಶ್ನೆ ಕೇಳುತ್ತಿದ್ದಳು. ಅವಳು ಐಸ್ ಪೆಟ್ಟಿಗೆಯೊಳಗಿನ ಕ್ಯಾಂಡಿಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು. ನಾನು ಆ ಪೆಟ್ಟಿಗೆಯ ಪಕ್ಕ, ಸುಡುವ ಬಿಸಿಲಲ್ಲಿ, ದೊಡ್ಡಪ್ಪನ ಗಾಡಿಯ ಸದ್ದು ಬರುತ್ತದೇನೋ ಎಂದು ರಸ್ತೆ ನೋಡುತ್ತ ಕುಳಿತೆ. ದೇವರನ್ನು ನೆನೆದೆ, ಮನೆಯಲ್ಲಿ ಇಟ್ಟಿದ್ದ ಆ ಫೋಟೋವನ್ನೂ ನೆನೆದೆ.

ವಾಪಸು ಬಂದು ಚೀಲ ಬಿಚ್ಚಿದೆ. ಅಲ್ಯುಮಿನಿಯಂ ಬೆರಳಿಗೆ ಅಂಟಿಕೊಳ್ಳುವಷ್ಟು ಕೊರೆಯುತ್ತಿತ್ತು. ಎಡಗೈಯಲ್ಲಿ ಚಿಪ್ಪಿನ ಅಂಚು ಹಿಡಿದು ಬಲಗೈಯಲ್ಲಿ ಮೆಲ್ಲಗೆ ತಿರುವಿದೆ. ಅಲುಗಲಿಲ್ಲ. ಇನ್ನಷ್ಟು ಒತ್ತಿದೆ. ಚಟ್ ಎಂದಿತು.

ನಾನು ಕಣ್ಣು ಮುಚ್ಚಿದೆ. ತೆರೆದು ನೋಡುವ ಧೈರ್ಯ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ನೋಡಿದರೆ, ಒಡೆದದ್ದು ಅಂಟು. ಕಪ್ಪು ಚೌಕದ ಮೂಲೆಗಳು ಪೂರ್ತಿ ಇದ್ದವು. ಅದರ ಮೇಲೆ ಉಳಿದ ಅಂಟನ್ನು ಉಸಿರು ಬಿಗಿಹಿಡಿದು ಪ್ಲಾಸ್ಟಿಕ್ ಪಟ್ಟಿಯಿಂದ ಚೂರುಚೂರೇ ಕೆರೆದೆ. ಸಡಿಲ ಕ್ಲಿಪ್ಪನ್ನು ಬಗ್ಗಿಸಿ ಬಿಗಿಮಾಡಿದೆ, ಪೇಸ್ಟು ಸವರಿ ಕೂರಿಸಿದೆ. ದಲಾಲರು ದೊಡ್ಡಪ್ಪನ ಜೊತೆಗೇ ಬಂದಾಗ ಕಂಪ್ಯೂಟರ್ ನಡೆಯುತ್ತಿತ್ತು.

"ಏನ ತಂಗಿ, ಆತೇನು?"

"ಆತ್ರಿ ಸಾವ್ಕಾರ್ರ."

ದೊಡ್ಡಪ್ಪ ಹೂಂ ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಮೇಜು ಉಳಿಯಿತು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆಯುವ ನೆವದಲ್ಲಿ ಅತ್ತುಬಿಟ್ಟೆ.

ಕೆಲವು ದಿನಗಳ ಮೇಲೆ, ಇನ್ನೊಂದು ಕಂಪ್ಯೂಟರಿನ ಡಬ್ಬಿಯ ಸ್ಕ್ರೂ ತುಕ್ಕುಹಿಡಿದು ತಿರುಗಲೇ ಇಲ್ಲ. ನನ್ನ ಕೈಬಲ ಸಾಲಲಿಲ್ಲ. ಎಂದಿನಂತೆ ಕೂಗಿದೆ, "ಅಪ್ಪಾ, ಇಲ್ಲಿ ಬಾ ಸ್ವಲ್ಪ."

ಅಪ್ಪ ಬಂದ. ಕೈಗಳನ್ನು ಪಂಜೆಗೆ ಚೆನ್ನಾಗಿ ಒರೆಸಿಕೊಂಡ. ಮೇಜಿನಿಂದ ಒಂದು ಮಾರು ದೂರದಲ್ಲಿ ನಿಂತ.

"ಮುಟ್ಟಲೇನವ್ವಾ?" ಎಂದ. "ಎಲ್ಲಿ ಒತ್ತಬಾರದು, ಮೊದ್ಲ ಹೇಳಿಬಿಡು."

ಆ ತೆಳ್ಳನೆಯ ಸ್ವರದಲ್ಲಿ ಅವನು ದೊಡ್ಡಪ್ಪನ ಹತ್ತಿರ ಮಾತಾಡುವುದನ್ನು ಕೇಳಿದ್ದೆ. ನನ್ನ ಹತ್ತಿರ ಹಾಗೆ ಮಾತಾಡಿದ್ದು ಅದೇ ಮೊದಲು.