ಹಿತ್ತಲಿನ ಕ್ಲಬ್ಬು

ಮದುವೆಯಾಗಿ ಭದ್ರಾವತಿಯ ನ್ಯೂಟೌನಿಗೆ ಬಂದ ಮೊದಲ ವರ್ಷವೇ, ಕಾರ್ಖಾನೆ ಅಧಿಕಾರಿಗಳ ಕ್ಲಬ್ಬಿನಲ್ಲಿ ಒಂದು ಮಾತಾಡಿ ಸಿಕ್ಕಿಹಾಕಿಕೊಂಡೆ. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ವರ್ಷಕ್ಕೊಮ್ಮೆ ಅಲ್ಲಿ ಹೆಂಗಸರಿಗೆಂದು ಗಾಲ್ಫ್ ಪಂದ್ಯ ನಡೆಯುತ್ತಿತ್ತು. ಮೈದಾನವನ್ನೆಲ್ಲ ಸುತ್ತುವ ಆಟವಲ್ಲ. ಗುಳಿಯ ಸುತ್ತಲಿನ ನಯವಾದ ಜಾಗದಲ್ಲಿ ನಿಂತು ಚೆಂಡನ್ನು ಮೆಲ್ಲಗೆ ಹೊಡೆದು ಗುಳಿಗೆ ಬೀಳಿಸುವುದು, ಅಷ್ಟೇ. ನನ್ನ ಗಂಡ ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಿರಿಯ ಇಂಜಿನಿಯರು. ಅವರ ಮೇಲಧಿಕಾರಿಯ ಹೆಂಡತಿಯನ್ನು ನಾವೆಲ್ಲ ದೊಡ್ಡ ಬಂಗಲೆಯಮ್ಮ ಎನ್ನುತ್ತಿದ್ದೆವು. ಆಕೆ ಆಡುವವರನ್ನೆಲ್ಲ ಗೊತ್ತುಮಾಡುತ್ತಾ ಬಂದು ನನ್ನ ಮುಂದೆ ನಿಂತು, "ನೀವು ಹೊಸಬರು. ಈ ಸಲ ಕಾಫಿ ನೋಡ್ಕೊಳ್ಳಿ," ಎಂದರು. ಕಾಫಿ ಕೊಡುವುದು ಕೀಳು ಕೆಲಸವೆಂದಲ್ಲ. ಆದರೆ ಒಂದು ಮಾತೂ ಕೇಳದೆ ಕೈಗೆ ಕೆಟಲು ಕೊಡುವುದು ನನಗೆ ಸೇರಲಿಲ್ಲ.

"ನಾನೂ ಆಡ್ತೀನಿ. ಮನೇಲಿ ಅಭ್ಯಾಸ ಮಾಡ್ಕೊಂಡು ಬರ್ತೀನಿ," ಎಂದೆ.

"ಸೋತ್ರೆ?"

"ಸೋತ್ರೆ ವರ್ಷವಿಡೀ ಇಲ್ಲಿ ನಾನೇ ಕಾಫಿ ಕೊಡ್ತೀನಿ."

ಎಲ್ಲರೂ ನಕ್ಕರು. ಮನೆ ಸೇರುವವರೆಗೂ ಗಂಡ ತಲೆ ಚಚ್ಚಿಕೊಂಡರು. ಗಾಲ್ಫ್ ಕೋಲನ್ನು ನಾನು ಅದುವರೆಗೆ ಮುಟ್ಟಿ ಕೂಡ ನೋಡಿರಲಿಲ್ಲ.

ಮನೆಗೆ ಬಂದವಳೇ, "ಅತ್ತೆ, ಅಭ್ಯಾಸಕ್ಕೆ ಮನೇಲಿ ಒಂದು ಕ್ಲಬ್ಬು ಬೇಕು," ಎಂದೆ. ಗಾಲ್ಫ್ ಆಡುವ ಕೋಲಿಗೂ ಕ್ಲಬ್ಬು ಎನ್ನುತ್ತಾರೆಂದು ಅಂದೇ ಕಲಿತಿದ್ದೆ. ಕಲಿತದ್ದನ್ನು ಮೆರೆಸದೆ ಇರಲಾಗಲಿಲ್ಲ. ಹೊಳಲೂರಿನ ನನ್ನ ಅತ್ತೆಗೆ ಕ್ಲಬ್ಬು ಎಂದರೆ ದೋಸೆ, ಕಾಫಿ ಮಾರುವ ಕಾಫಿ ಕ್ಲಬ್ಬು ಮಾತ್ರ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಮನೇಲಿ ಕ್ಲಬ್ಬು ಇಡ್ತೀಯಾ? ನಮ್ಮನೇಲಿ ಯಾರೂ ಕಾಫಿ ಮಾರಿದೋರಲ್ಲ ಮಾರಾಯ್ತಿ. ಅಷ್ಟಕ್ಕೂ ನಿನ್ನ ಕಾಫಿ ಕುಡಿಯೋಕೆ ಯಾರು ಬರ್ತಾರೆ?"

ಆ ಕೊನೆಯ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಗಂಡ ನಗುತ್ತಲೇ ಎಲ್ಲವನ್ನೂ ಬಿಡಿಸಿ ಹೇಳಿದರು. "ಕೋಲನ್ನ ಕೋಲು ಅನ್ನೋಕೆ ಏನು ದಾಡಿ?" ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಅಂದಿನಿಂದ ನನ್ನ ಅಭ್ಯಾಸಕ್ಕೆ ಮನೆಯಲ್ಲಿ ಕ್ಲಬ್ಬು ಎಂದೇ ಹೆಸರಾಯಿತು.

ಮೊದಲು ಮಾವನ ಹಳೆಯ ಊರುಗೋಲನ್ನು ತಲೆಕೆಳಗಾಗಿ ಹಿಡಿದು ನೋಡಿದೆ. ಅದರ ಬಾಗಿದ ಹಿಡಿ ದುಂಡಗಿದ್ದುದರಿಂದ ಚೆಂಡು ಎತ್ತೆತ್ತಲೋ ಹಾರುತ್ತಿತ್ತು. ಸರಿ, ರೈಲು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೊರಟೆವು. ಅತ್ತೆಯೂ ಹಟಮಾಡಿ ಬಂದರು. ಆಟದ ಸಾಮಾನಿನ ಅಂಗಡಿಯ ಸಾಹೇಬರು ಗಾಲ್ಫ್ ಎಂದ ಕೂಡಲೇ ಇಲ್ಲವೆಂದು ಕೈಯಲ್ಲಾಡಿಸಿದರು. "ಅದು ನಮ್ಮ ಹತ್ರ ಎಲ್ಲಿ ಬರುತ್ತೆ ಅಮ್ಮಾ? ಹಾಕಿ ಕೋಲು ನೋಡಿ, ಪಕ್ಕಾ ಮಾಲು."

ಹಾಕಿ ಕೋಲಿನ ಎಡಮೈ ಚಪ್ಪಟೆ. ನನಗೆ ಬೇಕಾದದ್ದೂ ಅದೇ. ಒಂದು ತೀರಾ ಭಾರವಿತ್ತು, ಇನ್ನೊಂದು ಎದೆಗೆ ತಾಗುವಷ್ಟು ಉದ್ದ. ಅತ್ತೆ ಬದನೆಕಾಯಿ ಆರಿಸುವಂತೆ ಒಂದೊಂದನ್ನೂ ತಿರುಗಿಸಿ, ಬೆಳಕಿಗೆ ಹಿಡಿದು, ಹುಳುಕು ಹುಡುಕಿ ಪಕ್ಕಕ್ಕಿಟ್ಟರು. ಕೊನೆಗೆ ಶಾಲೆಯ ಮಕ್ಕಳಿಗೆಂದು ತರಿಸಿದ್ದ ಗಿಡ್ಡ ಕೋಲೊಂದು ನನ್ನ ಕೈಗೆ ಸರಿಯಾಗಿ ಕೂತಿತು. ಅತ್ತೆಯೂ ಅದಕ್ಕೆ ತಲೆದೂಗಿದರು. ಸಿಪ್ಪೆ ಎದ್ದ ಹಳೆಯ ಗಾಲ್ಫ್ ಚೆಂಡೊಂದನ್ನು ಗಂಡ ಯಾರನ್ನೋ ಕೇಳಿ ತಂದರು.

ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ದೊರೆಸಾನಿಯೊಬ್ಬಳು ರತ್ನಗಂಬಳಿಯ ಮೇಲೆ ಅಭ್ಯಾಸ ಮಾಡುವ ಚಿತ್ರ ನೋಡಿದ್ದೆ. ನಾನೂ ನಡುಮನೆಯಲ್ಲಿ ಜಮಖಾನ ಹಾಸಿ, ಆ ತುದಿಯಲ್ಲಿ ಚೊಂಬು ಮಲಗಿಸಿದೆ. ಚೆಂಡು ಠಣ್ಣೆಂದು ಚೊಂಬು ಸೇರುವಷ್ಟು ಪಳಗಿ ಬೀಗುತ್ತಿದ್ದಾಗ, ಗಂಡ ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಕ್ಲಬ್ಬಿಗೆ ಕರೆದೊಯ್ದರು. ಅಲ್ಲಿ ಹೊಡೆದ ಚೆಂಡು ಗುಳಿಯನ್ನು ದಾಟಿ, ನಯವಾದ ಜಾಗದ ಅಂಚನ್ನೂ ದಾಟಿ ಬೇಲಿಯ ಬುಡಕ್ಕೆ ಹೋಯಿತು. ಅಳು ಬಂತು.

ಪತ್ರಿಕೆಯ ಚಿತ್ರದಲ್ಲಿ ಇದ್ದಂಥ ಹುಲ್ಲು ನಮ್ಮೂರ ಗುಳಿಗಳ ಸುತ್ತ ಇರಲಿಲ್ಲ. ಮರಳಿಗೆ ಹಳೆಯ ಎಣ್ಣೆ ಕಲಸಿ, ಬಡಿದು, ಹಲಗೆಯಿಂದ ಸವರಿ ನಯ ಮಾಡಿದ ಕಂದು ನೆಲ, ಜಮಖಾನದ ಹಾಗೆ ಚೆಂಡನ್ನು ತಡೆಯುವಂಥದ್ದಲ್ಲ. ಕಣ್ಣೊರೆಸಿಕೊಂಡು ಬಗ್ಗಿ ನೋಡಿದರೆ ಹಲಗೆ ಎಳೆದ ಗುರುತುಗಳು ಕಮಾನು ಕಮಾನಾಗಿ ಕಂಡವು. ಸಗಣಿ ಸಾರಿಸಿದ ನಮ್ಮ ಹಿತ್ತಲೇ ಎದುರಿಗೆ ಬಂದು ಕೂತ ಹಾಗಿತ್ತು!

"ಸಾರಿಸಿದ ನೆಲದ ಮೇಲೆ ಕೋಲು ಆಡಿಸ್ತೀಯಾ? ನೀನೇ ಸಾರಿಸ್ಕೋ ಹಾಗಾದ್ರೆ," ಎಂದರು ಅತ್ತೆ. ಸೆರಗು ಸಿಕ್ಕಿಸಿ ಸಾರಿಸಿದೆ. ಹಿತ್ತಲಿನ ನಡುವೆ ಕರಟವೊಂದನ್ನು ನೆಲಮಟ್ಟಕ್ಕೆ ಹೂತೆ. ಅದೇ ನನ್ನ ಗುಳಿ. ಸಾರಿಸಿದ ಕೈ ಯಾವ ಕಡೆ ತಿರುಗಿರುತ್ತದೋ, ಓಟ ಮುಗಿಯುವ ಹೊತ್ತಿಗೆ ಚೆಂಡೂ ಆ ಕಡೆಗೇ ವಾಲುತ್ತಿತ್ತು. ನನ್ನ ಕೈಯದೇ ಗುರುತು, ಓದಲು ಕಷ್ಟವೇನು? ಅತ್ತೆ ತುಳಸಿಕಟ್ಟೆಯ ಹತ್ತಿರ ಕೂತು, ತಪ್ಪಿದಾಗಲೆಲ್ಲ, "ಕ್ಲಬ್ಬು ಮುಚ್ಚೋ ಹಾಗಿದೆ," ಎಂದು ಛೇಡಿಸುತ್ತಿದ್ದರು.

ಪಂದ್ಯದ ದಿನ ಹಾಕಿ ಕೋಲು ಹಿಡಿದು ಹೋದೆ, ಜೊತೆಗೆ ಅತ್ತೆ. ಕೋಲು ನೋಡಿ ದೊಡ್ಡ ಬಂಗಲೆಯಮ್ಮ, "ಇರಲಿ ಬಿಡಿ, ಪಾಪ," ಎಂದು ಒಪ್ಪಿಕೊಂಡರು. ಆ 'ಪಾಪ' ನನಗೆ ಒಳ್ಳೆಯದೇ ಮಾಡಿತು. ಒಬ್ಬೊಬ್ಬರಾಗಿ ಸೋತು ಕೊನೆಗೆ ಆಕೆ ಮತ್ತು ನಾನು ಮಾತ್ರ ಉಳಿದೆವು. ಆಕೆ ಗುಳಿಗೆ ನೇರ ಗುರಿಯಿಟ್ಟರು. ಚೆಂಡು ಹತ್ತಿರ ಹೋಗಿ, ಹಲಗೆಯ ಗುರುತಿನ ಜಾಡು ಹಿಡಿದು ಎಡಕ್ಕೆ ಸರಿಯಿತು. ನಾನು ಗುಳಿಯನ್ನು ಬಿಟ್ಟು ಬಲಕ್ಕೆ ಗುರಿಯಿಟ್ಟೆ. "ಎತ್ತ ನೋಡ್ತಿದಾಳೆ ಇವಳು?" ಎಂದು ಯಾರೋ ಕಿಸಕ್ಕೆಂದರು. ಚೆಂಡು ಓಡಿತು, ಬಾಗಿತು, ಗುಳಿಯ ಅಂಚಿಗೆ ಬಂತು. ಕರಟಕ್ಕೆ ಒಗ್ಗಿದ ಕಣ್ಣಿಗೆ ಆ ಗುಳಿ ಬಾವಿಯಷ್ಟು ದೊಡ್ಡದು. ಬಿತ್ತು!

ನಾನು ಮರ್ಯಾದೆ ಮರೆತು ಕುಣಿದೆ. ನನ್ನ ಗಂಡ ಮೇಲಧಿಕಾರಿಯ ಪಕ್ಕದಲ್ಲೇ ನಿಂತು ಶಿಳ್ಳೆ ಹಾಕಿದರು. ದೊಡ್ಡ ಬಂಗಲೆಯಮ್ಮನೂ ಸಣ್ಣವರಲ್ಲ. ತಾವೇ ಕೆಟಲು ಎತ್ತಿಕೊಂಡು ಬಂದು ಮೊದಲ ಕಪ್ಪನ್ನು ಅತ್ತೆಗೆ ಕೊಟ್ಟರು.

"ನಿಮ್ಮ ಸೊಸೆ ಯಾವ ಕ್ಲಬ್ಬಲ್ಲಿ ಕಲಿತ್ರು?" ಎಂದು ಕೇಳಿದರು.

"ನಮ್ಮ ಮನೆ ಕ್ಲಬ್ಬಲ್ಲಿ," ಎಂದರು ಅತ್ತೆ. ಒಂದು ಗುಟುಕು ಕುಡಿದು ಕಪ್ಪಿನೊಳಗೆ ಇಣುಕಿ ನೋಡಿದರು. "ಕಾಫಿನೂ ಅಲ್ಲೇ ಚೆನ್ನಾಗಿರುತ್ತೆ. ನಮ್ಮ ಸೊಸೇನೇ ಮಾಡೋದು."

ನನ್ನ ಕಾಫಿಯನ್ನು ಅತ್ತೆ ಹೊಗಳಿದ್ದು ಅದೇ ಮೊದಲು.